ಸೀಳುಗಾರರ ಓಟ

ತೆಫಿಬಿ ಸತ್ತದ್ದು ಓಡುತ್ತ.

ಗುಡಾರದಿಂದ ಹೊರಬಿದ್ದು ನಲವತ್ತು ಹೆಜ್ಜೆ ಓಡಿದ್ದ. ಹಿಂದಿನಿಂದ ಕಲ್ಲು ಬರುತ್ತಿದ್ದವು. ಬೈಗುಳ ಬರುತ್ತಿದ್ದವು. ಎರಡೂ ಹೊಸದಲ್ಲ. ಅವನಪ್ಪನೂ ಹಾಗೆ ಓಡಿದ್ದ, ಅಜ್ಜನೂ ಓಡಿದ್ದ. ಸತ್ತವರ ಮೈ ಕೆಡದೆ ಉಳಿಯಬೇಕಾದರೆ ಹೊಟ್ಟೆಯೊಳಗಿನದನ್ನು ತೆಗೆಯಬೇಕು. ತೆಗೆಯಬೇಕಾದರೆ ಎಡಪಕ್ಕೆಯನ್ನು ಯಾರಾದರೂ ಸೀಳಬೇಕು. ಸೀಳಿದವನು ಮನುಷ್ಯನ ಮೈಗೆ ಗಾಯ ಮಾಡಿದ ಪಾಪಿ. ಆ ಪಾಪಿಯನ್ನು ಸತ್ತವನ ಮನೆಯವರು ಕಲ್ಲು ಹೊಡೆದು ಅಟ್ಟಬೇಕು. ಅವನು ಪಾಪ ಹೊತ್ತುಕೊಂಡು ಮರಳುಗಾಡಿನ ಕಡೆ ಓಡಬೇಕು. ಅವನು ಕಣ್ಮರೆಯಾದ ಮೇಲೆ ಉಪ್ಪಿನವರು ಕೈತೊಳೆದು ಒಳಗೆ ಬರುತ್ತಾರೆ. ಕರುಳು ತೆಗೆಯುತ್ತಾರೆ, ಸೌಳುಪ್ಪು ತುಂಬುತ್ತಾರೆ, ಎಪ್ಪತ್ತನೆಯ ದಿನ ನಾರುಬಟ್ಟೆ ಸುತ್ತುತ್ತಾರೆ. ಅವರಿಗೆ ಯಾರೂ ಕಲ್ಲು ಹೊಡೆಯುವುದಿಲ್ಲ. ಅವರು ದೇವಸ್ಥಾನದ ಅಂಗಳದಲ್ಲಿ ಪೂಜಾರಿಗಳ ಸಾಲಿನಲ್ಲಿ ಕೂತು ಉಣ್ಣುತ್ತಾರೆ.

ಹೊಡೆಯುವ ಕಲ್ಲು ಸಣ್ಣದಿರಬೇಕು. ಖರ್ಜೂರದಷ್ಟು, ಹೆಚ್ಚೆಂದರೆ ಈರುಳ್ಳಿಯಷ್ಟು. ಅವತ್ತು ಸತ್ತಿದ್ದವನು ದೇವಸ್ಥಾನದ ಹೊಲಗಳ ಮೇಲ್ವಿಚಾರಕ. ಅವನ ಮಗ ಪೆತೆನೂಫಿ ಎತ್ತಿಕೊಂಡದ್ದು ರೊಟ್ಟಿಯಷ್ಟು ದೊಡ್ಡ ಕಲ್ಲು. ಅದು ತೆಫಿಬಿಯ ಕಣತಲೆಗೆ ಬಿತ್ತು. ಬಿದ್ದ ಮೇಲೂ ಅವನು ನಾಲ್ಕು ಹೆಜ್ಜೆ ಓಡಿದ. ಆಮೇಲೆ ಮಂಡಿ ಮಡಿಚಿಕೊಂಡಿತು.

ಅವನ ತಮ್ಮ ಪಮೊಂತು ಸೀಳುಗಾರರ ಹಟ್ಟಿಯ ಅಂಚಿನಿಂದ ಎಲ್ಲವನ್ನೂ ನೋಡಿದ. ಗುಡಾರದ ಬಾಗಿಲಲ್ಲಿ ನಿಂತು ನೋಡಿದವನು ಇನ್ನೊಬ್ಬನಿದ್ದ, ಲಿಪಿಕಾರ ಎಸ್ಮಿನ. ಹೆಣದ ಪಕ್ಕೆಯ ಮೇಲೆ ಮಸಿಯಿಂದ ಗೆರೆ ಎಳೆದು 'ಇಲ್ಲಿಂದ ಇಲ್ಲಿಗೆ ಸೀಳು' ಎಂದು ತೋರಿಸುವವನು ಅವನೇ. ಅವನು ಓಲೆಯಲ್ಲಿ ಬರೆದುಕೊಂಡದ್ದು ಇಷ್ಟು: ಸೀಳುಗಾರ ಎಡವಿ ಬಿದ್ದ.

ಪಮೊಂತು ಅಣ್ಣನನ್ನು ಹೆಗಲ ಮೇಲೆ ಹಾಕಿಕೊಂಡು ಉಪ್ಪಿನವರ ಯಜಮಾನ ಒಸೊರೇರಿಯ ಬಾಗಿಲಿಗೆ ಹೋದ. ದೂರದಲ್ಲೇ ನಿಂತ.

"ಬುದ್ಧೀ, ಮೂವತ್ತು ವರ್ಷ ನಿಮ್ಮ ಗುಡಾರಕ್ಕೆ ದುಡ್ದವ್ನೆ. ಇವನಿಗೂ ಒಂದಿಷ್ಟು ಉಪ್ಪು ಕಾಣಿಸಿ. ಹಳೇ ಬಟ್ಟೆಯಾದ್ರೂ ಆಯ್ತದೆ."

ಒಸೊರೇರಿ ಬೆರಳುಗಳಿಗೆ ಎಣ್ಣೆ ತೀಡಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಸೀಳುಗಾರ ಗುಡಾರಕ್ಕೆ ಬರೋದು ಸೀಳೋಕೆ. ಸೀಳಿಸ್ಕೊಳ್ಳೋಕಲ್ಲ. ತಗೊಂಡ್ಹೋಗಿ ಮರಳಿಗೆ ಹಾಕು."

ಮರಳಿಗೇ ಹಾಕಿದರು. ಒಂದು ಹಳೆ ಚಾಪೆ, ಒಂದು ಮಡಕೆ ಬಾರ್ಲಿ ಬಿಯರು, ತಲೆಯ ಹತ್ತಿರ ಎರಡು ಈರುಳ್ಳಿ. ಅಷ್ಟೇ. ಚಾಪೆ ಗಿಡ್ಡವಾಯಿತು. ಕಾಲುಗಳು ಹೊರಗುಳಿದವು. ಪಮೊಂತು ಕೈಯಿಂದಲೇ ಮರಳೆಳೆದು ಆ ಕಾಲುಗಳನ್ನು ಮುಚ್ಚಿದ.

ಅದಾದ ಒಂಬತ್ತನೆಯ ದಿನ ಅವನಿಗೆ ಹೆಜ್ಜೆ ಕೇಳಿಸಿತು.

ಸುಡುವ ಮಧ್ಯಾಹ್ನ. ಹಟ್ಟಿಯಲ್ಲಿ ನಾಯಿಯೂ ಅಲುಗುತ್ತಿರಲಿಲ್ಲ. ಗುಡಿಸಲಿನ ಹಿಂದೆ ಯಾರೋ ಓಡಿದರು. ಬರಿಗಾಲು. ಬಲಗಾಲು ತುಸು ಭಾರ, ಎಡಗಾಲು ಹಗುರ. ತೆಫಿಬಿಯ ಎಡಗಾಲಿಗೆ ಹಿಂದೊಮ್ಮೆ ಕಲ್ಲು ಬಿದ್ದು ಮೂಳೆ ವಕ್ರವಾಗಿ ಕೂಡಿಕೊಂಡಿತ್ತು. ಆ ಓಟ ಪಮೊಂತುವಿಗೆ ಗೊತ್ತು. ಹೊರಗೆ ಬಂದು ನೋಡಿದ. ಬಿಸಿಲು. ಬಂಡೆ. ಮರಳ ಮೇಲೆ ಒಂದು ಗುರುತಿಲ್ಲ. ಒಳಗೆ ಬಂದ. ಹೆಜ್ಜೆ ಮತ್ತೆ ಗುಡಿಸಲನ್ನು ಸುತ್ತಿತು. ಏದುಸಿರು ಕೂಡ ಕೇಳಿಸಿತು.

ಆಮೇಲೆ ದಿನವೂ ಬಂತು. ನೀರು ತರಲು ಹೋದರೆ ಹಿಂದಿನಿಂದ ಓಡಿಬಂದು ಪಕ್ಕದಲ್ಲೇ ದಾಟಿಹೋಗುತ್ತಿತ್ತು. ಪಮೊಂತು ದಾರಿ ಬಿಟ್ಟು ನಿಲ್ಲುತ್ತಿದ್ದ. ಕಂಡವರು ನಕ್ಕರು. ಊಟಕ್ಕೆ ಕೂತವನು ಅರ್ಧಕ್ಕೇ ಏಳುತ್ತಿದ್ದ. ಓಡುತ್ತಿರುವವನು ಹೊರಗಿರುವಾಗ ಕೂತು ಉಣ್ಣುವುದು ಹೇಗೆ?

ಅತ್ತಿಗೆ ತಬೆಸಳಿಗೆ ಕೊನೆಗೊಂದು ದಿನ ಹೇಳಿದ.

"ಅತ್ತಿಗೆ, ಅಣ್ಣ ಇನ್ನೂ ನಿಂತಿಲ್ಲ ಕಣವ್ವಾ. ಓಡ್ತಾನೇ ಅವ್ನೆ."

ತಬೆಸ ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. ಸೀಳುವ ಚಾಕು ಮಾಡುವವಳು ಅವಳೇ. ತೆಂಕಣ ಕೂಶ್ ನಾಡಿನಿಂದ ಬರುವ ಗಾಜಿನಂಥ ಕರಿಗಲ್ಲನ್ನು ತೊಡೆಯ ಮೇಲೆ ತೊಗಲು ಹಾಸಿ ಇಟ್ಟುಕೊಂಡು, ಜಿಂಕೆ ಕೊಂಬಿನ ತುದಿಯಿಂದ ಒತ್ತಿ ಒತ್ತಿ ಚಕ್ಕೆ ಎಬ್ಬಿಸುತ್ತಾಳೆ. ಬೆಳಕು ಹಾಯುವಷ್ಟು ತೆಳು ಮಾಡುತ್ತಾಳೆ. ಒಂದು ಹೆಣಕ್ಕೆ ಒಂದು ಚಾಕು. ಒಮ್ಮೆ ಸೀಳಿದ ಮೇಲೆ ಅದನ್ನು ಮರಳಲ್ಲಿ ಮುಚ್ಚಿಬಿಡಬೇಕು. ಅವಳ ಅಂಗೈ ತುಂಬ ಗೀರುಗಳು. ಹಳೆಯದರ ಮೇಲೆ ಹೊಸದು.

"ನಂಗೂ ಕೇಳ್ಸಿದ್ರೆ ಚೆಂದಾಗಿತ್ತು," ಎಂದಳು.

ಆವತ್ತಿನಿಂದ ಗುಡಿಸಲಿನ ಹಿಂದೆ ಒಂದು ಬೋಗುಣಿಯಲ್ಲಿ ನೀರಿಡತೊಡಗಿದಳು. ಓಡುವವನಿಗೆ ಬಾಯಾರುತ್ತದೆ.

ಅಣ್ಣನ ಜಾಗಕ್ಕೆ ಪಮೊಂತು ಬಂದಿದ್ದ. ಬಾರದೆ ಬೇರೆ ದಾರಿಯಿಲ್ಲ. ಸೀಳುಗಾರರಿಗೆ ಯಾರೂ ಹೊಲ ಕೊಡುವುದಿಲ್ಲ, ದೋಣಿ ಹತ್ತಿಸುವುದಿಲ್ಲ, ನದಿಯಲ್ಲೂ ಊರವರೆಲ್ಲ ಮೊಗೆದು ಹೋದ ಮೇಲೆ ಕೆಳಗಿನ ಕೆಸರಲ್ಲಿ ಮೊಗೆಯಬೇಕು. ಐದು ತಿಂಗಳಲ್ಲಿ ಏಳು ಹೆಣ ಸೀಳಿದ. ಏಳು ಸಲ ಓಡಿದ. ಓಡುವಾಗೆಲ್ಲ ಪಕ್ಕದಲ್ಲಿ ಇನ್ನೊಬ್ಬನ ಹೆಜ್ಜೆ. ಬಲಗಾಲು ಭಾರ, ಎಡಗಾಲು ಹಗುರ. ಅಣ್ಣ ಅವನನ್ನು ಹಿಂದಿಕ್ಕುತ್ತಲೂ ಇರಲಿಲ್ಲ, ಹಿಂದುಳಿಯುತ್ತಲೂ ಇರಲಿಲ್ಲ.

ಕೆಲಸ ಕಲಿಸಿದವನೂ ಅಣ್ಣನೇ. ಆಡಿನ ಮೂತ್ರಕೋಶಕ್ಕೆ ನೀರು ತುಂಬಿ, ಅದರ ಮೇಲೆ ಹಸಿ ತೊಗಲು ಬಿಗಿದು, ಸೀಳು ಎನ್ನುತ್ತಿದ್ದ. ತೊಗಲು ಸೀಳಬೇಕು, ನೀರು ಸೋರಬಾರದು. ಪಮೊಂತು ನೂರು ಸಲ ನೆಂದುಹೋಗಿದ್ದ. ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಗೆರೆ ಅವರದು ಕಣ್ಲಾ. ಕೈ ನಮ್ದು. ಆ ಲಿಪಿಕಾರ ಹೆಣಾನ ಮುಟ್ಟೋದೇ ಇಲ್ಲ, ಜೊಂಡಿನ ತುದೀಲಿ ಗೆರೆ ಎಳೀತಾನೆ. ಊದಿದ ಹೊಟ್ಟೆ ಯಾವ್ದು, ಬಸುರಿ ಹೊಟ್ಟೆ ಯಾವ್ದು, ಹಸ್ಕೊಂಡು ಸತ್ತೋನ ಹೊಟ್ಟೆ ಯಾವ್ದು, ಅವನಿಗೇನು ಗೊತ್ತು? ಗೆರೆ ನೋಡಿ ಹೂಂ ಅನ್ನು. ಆಮೇಲೆ ಕೈ ಎಲ್ಲಿ ಹೇಳ್ತದೋ ಅಲ್ಲಿ ಸೀಳು. ಕರುಳಿಗೆ ಚಾಕು ತಾಗ್ತು ಅನ್ಕೋ, ಎಪ್ಪತ್ತು ದಿನ ಅಲ್ಲ, ಎಪ್ಪತ್ತು ವರ್ಷ ಉಪ್ಪಲ್ಲಿಟ್ರೂ ಕೊಳೀತದೆ."

ನೂರಾರು ವರ್ಷಗಳಿಂದ ಉಪ್ಪಿನವರು ಹೆಸರು ಗಳಿಸಿದ್ದು ಆ ಕೈಯಿಂದ. ಅದು ಅವರಿಗೇ ಗೊತ್ತಿರಲಿಲ್ಲ.

ಬೇಸಿಗೆಯ ಕೊನೆಯಲ್ಲಿ, ನದಿ ಇನ್ನೂ ಏರದಿದ್ದಾಗ, ದೇವಸ್ಥಾನದ ಆಳು ಬಂದು ಹಟ್ಟಿಗೆ ದೂರದಲ್ಲಿ ನಿಂತು ಮರದ ತಾಳ ಬಡಿದ. ನಾಳೆ ಬೆಳಿಗ್ಗೆ ಹೆಣವಿದೆ ಎಂದು ಅದರ ಅರ್ಥ.

"ಯಾರದು ಬುದ್ಧೀ?" ಪಮೊಂತು ಕೂಗಿ ಕೇಳಿದ.

"ಪೆತೆನೂಫೀದು. ಜ್ವರ. ಮೂರೇ ದಿನಕ್ಕೆ ಹೋಗ್ಬಿಟ್ಟ. ಚಾಕು ಹೊಸದಿರ್ಲಿ!"

ಆಳು ಹೋದ. ಪಮೊಂತು ನಿಂತಲ್ಲೇ ನಿಂತಿದ್ದ. ತಬೆಸ ಗುಡಿಸಲೊಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದು, ಇದ್ದುದರಲ್ಲಿ ದೊಡ್ಡ ಕರಿಗಲ್ಲು ಆರಿಸಿ, ಬಾಗಿಲಲ್ಲಿ ಕೂತಳು. ಸಂಜೆಯ ತನಕ ಅವಳ ಕೊಂಬಿನ ಸದ್ದು ನಿಲ್ಲಲಿಲ್ಲ. ಟಿಕ್. ಟಿಕ್. ಚಾಕುವನ್ನು ಅವನ ಕೈಗೆ ಕೊಡುವಾಗ ಅವಳ ಹೆಬ್ಬೆರಳಿನಿಂದ ರಕ್ತ ಇಳಿಯುತ್ತಿತ್ತು. ಅಷ್ಟು ತೆಳುವಾದ ಚಾಕುವನ್ನು ಅವನು ಕಂಡಿರಲಿಲ್ಲ.

"ಕರುಳು ಹರಿದ್ಬುಡು," ಎಂದಳು. "ಕೊಳ್ತು ನಾರ್ಲಿ ಆ ನನ್ಮಗ. ಸುತ್ತಿದ ಬಟ್ಟೆಯೊಳಗೇ ಹುಳ ಬೀಳ್ಲಿ."

ಪಮೊಂತು ಚಾಕುವನ್ನು ತೊಗಲಲ್ಲಿ ಸುತ್ತಿಟ್ಟುಕೊಂಡ.

ಬೆಳಿಗ್ಗೆ ಗುಡಾರದ ಸುತ್ತ ಐವತ್ತು ಜನ. ಎಲ್ಲರ ಕೈಯಲ್ಲೂ ಕಲ್ಲು. ಹೆಂಗಸರು ತಲೆಗೆ ಮಣ್ಣು ಸುರಿದುಕೊಂಡು ಎದೆ ಬಡಿದುಕೊಳ್ಳುತ್ತಿದ್ದರು. ಪೆತೆನೂಫಿಯ ತಾಯಿ ಸೆನಮೂನಿ ನಡುವೆ ಇದ್ದಳು. ವರ್ಷ ತುಂಬುವುದರೊಳಗೆ ಗಂಡ, ಮಗ ಇಬ್ಬರನ್ನೂ ಕಳಕೊಂಡವಳು. ಪಮೊಂತು ಬಂದಾಗ ಜನ ಸರಿದು ದಾರಿ ಬಿಟ್ಟರು. ಗೌರವಕ್ಕಲ್ಲ. ಅವನ ಗಾಳಿ ಸೋಕಬಾರದು.

ಒಳಗೆ ಚಾಪೆಯ ಮೇಲೆ ಪೆತೆನೂಫಿ ಬೆತ್ತಲೆ ಮಲಗಿದ್ದ. ಕಲ್ಲೆತ್ತಿದ ಕೈ ಪಕ್ಕದಲ್ಲಿ ಬಿದ್ದಿತ್ತು. ಲಿಪಿಕಾರ ಎಸ್ಮಿನ ಮೂಗಿಗೆ ಬಟ್ಟೆ ಹಿಡಿದುಕೊಂಡು ಎಡಪಕ್ಕೆಯ ಮೇಲೆ ಗೆರೆ ಎಳೆದ. ಹಿಂದೆ ಸರಿದ.

ಪಮೊಂತು ಕೂತು, ಅಂಗೈಯನ್ನು ಹೊಟ್ಟೆಯ ಮೇಲಿಟ್ಟ. ಜ್ವರದ ಹೊಟ್ಟೆ. ಗಾಳಿ ತುಂಬಿ ಬಿಗಿದಿತ್ತು. ಕರುಳು ಮೇಲೆದ್ದು ಬಂದು ಸರಿಯಾಗಿ ಗೆರೆಯ ಕೆಳಗೇ ಕೂತಿತ್ತು. ಬೆರಳಿಗೆ ಸ್ಪಷ್ಟವಾಗಿ ಸಿಕ್ಕಿತು. ಗೆರೆಯ ಮೇಲೆ ಸೀಳಿದರೆ ಅದು ಒಡೆಯುತ್ತದೆ. ಪಿತ್ತವೆಲ್ಲ ಒಳಗೆ ಹರಡುತ್ತದೆ. ಪೆತೆನೂಫಿ ಕೊಳೆಯುತ್ತಾನೆ. ಯಾರೂ ಪಮೊಂತುವನ್ನು ಕೇಳುವ ಹಾಗಿಲ್ಲ. ಅವನು ಮಾಡಬೇಕಾದ್ದು ಇಷ್ಟೇ, ಹೇಳಿದ ಹಾಗೆ ಕೇಳಬೇಕು. ಹಗೆ ತೀರಿಸಿಕೊಳ್ಳುವುದು ಅಷ್ಟು ಸುಲಭವಾಗಿತ್ತು.

ಹೊರಗೆ ಹೆಜ್ಜೆ ಕೇಳಿಸಿತು. ಗುಡಾರದ ಸುತ್ತ ಓಡುತ್ತಿತ್ತು.

ಚಾಕುವನ್ನು ಗೆರೆಯ ಮೇಲಿಟ್ಟ. ಕೈ ಒಪ್ಪಲಿಲ್ಲ. ಮತ್ತೆ ಇಟ್ಟ. ಕೈ ತಾನಾಗಿ ಎರಡು ಬೆರಳು ಮೇಲೆ ಸರಿಯಿತು. ಒಂದೇ ಎಳೆತ. ತೊಗಲು, ಕೊಬ್ಬು, ಮಾಂಸ, ಒಳಪೊರೆ. ಅಷ್ಟಕ್ಕೇ ನಿಂತಿತು. ಒಂದು ಹನಿ ಪಿತ್ತ ಬರಲಿಲ್ಲ. ಅವನು ಜೀವನದಲ್ಲಿ ಸೀಳಿದ ಅತ್ಯಂತ ಚೊಕ್ಕ ಸೀಳು ಅದು. ಅಣ್ಣನನ್ನು ಕೊಂದವನಿಗೆ ಅದನ್ನು ಕೊಟ್ಟ. ಅವನ ಕಣ್ಣಲ್ಲಿ ನೀರು ಬಂತು, ಕೋಪಕ್ಕೆ.

ಚಾಕುವನ್ನು ಕೆಳಗಿಟ್ಟ.

"ಓಡು," ಎಂದ ಎಸ್ಮಿನ.

ಪಮೊಂತು ಏಳಲಿಲ್ಲ. ಕಾಲು ಮಡಿಚಿಕೊಂಡು ಹೆಣದ ಪಕ್ಕದಲ್ಲೇ ಕೂತ.

"ಕಿವಿ ಕೇಳ್ಸಲ್ವೇನೋ? ಓಡು!"

"ಓಡಲ್ಲ ಬುದ್ಧಿ."

ಎಸ್ಮಿನನಿಗೆ ಅರ್ಥವಾಗಲಿಲ್ಲ. ಈ ಗುಡಾರದಲ್ಲಿ ಯಾರೂ ಈ ಮಾತು ಆಡಿರಲಿಲ್ಲ. ಬಾಗಿಲ ಪರದೆ ಎತ್ತಿ ಹೊರಗಿನವರಿಗೆ ಕೈಬೀಸಿದ. ನಾಲ್ಕೈದು ಕಲ್ಲು ಒಳಗೆ ಬಂದವು. ಒಂದು ಪಮೊಂತುವಿನ ಹೆಗಲ ಮೂಳೆಗೆ ತಾಗಿತು. ಎಲುಬು ಮುರಿದ ಸದ್ದು ಅವನಿಗೇ ಕೇಳಿಸಿತು. ಕೂತೇ ಇದ್ದ.

"ನೀನು ಓಡದೆ ಪಾಪ ಹೋಗಲ್ಲ ಕಣೋ! ಇಲ್ಲೇ ಉಳ್ಕೊಳ್ಳುತ್ತೆ!"

"ಉಳ್ಕೊಳ್ಲಿ. ಹೊತ್ತು ಹೊತ್ತು ನಮ್ಗೂ ಸಾಕಾಯ್ತು. ಒಂದಿನ ನೀವು ಮಡಿಕ್ಕೊಳ್ಳಿ."

"ಎಳೆದು ಬಿಸಾಕಿ ಇವನನ್ನ!" ಎಂದು ಯಾರೋ ಹೊರಗಿಂದ ಕೂಗಿದರು.

ಪಮೊಂತು ಸರಿಯಿರುವ ಕೈಯನ್ನು ಮುಂದೆ ಚಾಚಿದ. "ಎಳೀರಿ. ಬನ್ನಿ, ಮುಟ್ಟಿ. ಪಾಪ ಇನ್ನೂ ಮೈಮೇಲೇ ಅದೆ, ಬಿಸಿಬಿಸಿ. ಯಾರ್ ಮುಟ್ತೀರಿ?"

ಯಾರೂ ಮುಟ್ಟಲಿಲ್ಲ. ಅವನನ್ನು ದೂರವಿಡಲು ಅವರೇ ಕಟ್ಟಿದ್ದ ಕಟ್ಟಳೆ ಈಗ ಅವರನ್ನೇ ಬಾಗಿಲಾಚೆ ನಿಲ್ಲಿಸಿತ್ತು. ಒಸೊರೇರಿ ತೊಳೆದ ಕೈಗಳನ್ನು ಎದೆಮಟ್ಟಕ್ಕೆ ಎತ್ತಿಹಿಡಿದು ಬಂದು ನಿಂತ. ಸೀಳುಗಾರ ಒಳಗಿರುವ ತನಕ ಅವನು ಹೊಸ್ತಿಲು ದಾಟುವಂತಿಲ್ಲ. ಬಿಸಿಲೇರಿತು. ಅವನ ಕೈಗಳಿಂದ ನೀರು ಆರಿಹೋಯಿತು. ಮತ್ತೆ ತೊಳೆದುಕೊಂಡ. ಮತ್ತೆ ಆರಿತು.

ನೊಣ ಬಂದವು. ಮೊದಲು ಒಂದೆರಡು, ಆಮೇಲೆ ಹಿಂಡು. ತೆರೆದ ಸೀಳಿನ ಮೇಲೆ ಕೂರಲು ನೋಡಿದವು. ಪಮೊಂತು ಎಡಗೈಯಿಂದ ಅವನ್ನು ಓಡಿಸುತ್ತಿದ್ದ. ಬಲಗೈ ಜೋತುಬಿದ್ದಿತ್ತು. ಆ ಹೆಣವನ್ನು ನೊಣಗಳಿಂದ ಕಾಯುತ್ತಿದ್ದವನು ಅವನೊಬ್ಬನೇ.

ಹೊರಗೆ ಸಿಟ್ಟು ತಡೆಯದ ಯಾರೋ ಜೋರಾಗಿ ಕಲ್ಲು ಬೀಸಿದರು. ಅದು ಪಮೊಂತುವಿನ ಹಣೆಗೆ ಬಂತು. ರಕ್ತ ಹುಬ್ಬು ದಾಟಿ ಕೆನ್ನೆಗಿಳಿದು ಗದ್ದದ ತುದಿಯಲ್ಲಿ ನಿಂತಿತು.

"ನಿಲ್ಸಿ!" ಒಸೊರೇರಿ ಕಿರುಚಿದ. "ಬದುಕಿರೋನ ರಕ್ತ ಇಲ್ಲಿ ಬಿದ್ರೆ ಗುಡಾರಾನೇ ಸುಡ್ಬೇಕು! ಹೆಣಾನೂ ಹೊರಗೆ ಹಾಕ್ಬೇಕು! ಕಲ್ಲು ಬಿಡ್ರೋ!"

ಕಲ್ಲುಗಳು ಕೈಯಲ್ಲೇ ನಿಂತವು. ಆಗ ಸೆನಮೂನಿ ಜನರನ್ನು ತಳ್ಳಿಕೊಂಡು ಬಾಗಿಲಿಗೆ ಬಂದಳು. ಮಗನ ಮೈ ನೋಡಿದಳು. ಅದರ ಮೇಲೆ ಆಡುತ್ತಿದ್ದ ಆ ಎಡಗೈ ನೋಡಿದಳು.

"ನಿಂಗೇನಯ್ಯ ಬೇಕು?"

"ಅಣ್ಣನ್ನ ಮರಳಿಂದ ಎತ್ಬೇಕು. ಇವರೆಲ್ಲ ಬಂದು ಎತ್ಬೇಕು. ಇಲ್ಲಿ ಮಾಡೋದನ್ನೆಲ್ಲ ಅವನಿಗೂ ಮಾಡ್ಬೇಕು."

"ನಿಮ್ಮಣ್ಣ ಸತ್ತಿದ್ದಕ್ಕೂ ನನ್ನ ಮಗನಿಗೂ ಏನು?"

"ನಿಮ್ಮ ಮಗ ಎತ್ತಿದ್ದು ರೊಟ್ಟಿ ಗಾತ್ರದ ಕಲ್ಲು ತಾಯಿ. ಈ ಬುದ್ಧಿಯೋರು ನೋಡವ್ರೆ. ಎಡವಿ ಬಿದ್ದ ಅಂತ ಬರ್ಕೊಂಡ್ರು."

ಸೆನಮೂನಿ ಎಸ್ಮಿನನ ಕಡೆ ತಿರುಗಿದಳು. "ಹೌದಾ?"

ಎಸ್ಮಿನ ತನ್ನ ಜೊಂಡಿನ ಲೇಖನಿಯ ತುದಿಯನ್ನು ನೋಡುತ್ತಿದ್ದ. ಅವಳು ಮತ್ತೆ ಕೇಳಿದಳು. ಅವನು ತುದಿಯನ್ನೇ ನೋಡುತ್ತಿದ್ದ. ಅವಳಿಗೆ ಉತ್ತರ ಸಿಕ್ಕಿತು.

ಅವಳು ಅಳಲಿಲ್ಲ. ಪಮೊಂತುವಿನ ಮೇಲೆ ಕರುಣೆಯನ್ನೂ ತೋರಿಸಲಿಲ್ಲ. ಅವಳಿಗೆ ಮಗನ ಮೈ ಉಳಿಯಬೇಕಿತ್ತು, ಅಷ್ಟೇ. ಒಸೊರೇರಿಗೆ ಹೇಳಿದಳು, "ಅವನು ಕೇಳಿದ್ದು ಕೊಡಿ. ಅಮೋನ್ ದೇವರ ಮೇಲೆ ಆಣೆ ಇಡಿ. ಎಲ್ರೂ ಕೇಳೋ ಹಾಗೆ ಇಡಿ. ನನ್ನ ಮಗ ಹಾಳಾಗ್ತಾ ಇದಾನೆ."

ಒಸೊರೇರಿ ಆಣೆಯಿಟ್ಟ. ಹಲ್ಲು ಕಚ್ಚಿಕೊಂಡೇ ಇಟ್ಟ. "ಇನ್ನಾದ್ರೂ ಓಡು," ಎಂದ.

"ಹೋಗ್ತೀನಿ. ಓಡಲ್ಲ."

ಪಮೊಂತು ಎದ್ದ. ನಡೆದ. ಗುಡಾರದಿಂದ ಮರಳಿನ ತನಕ ಎಷ್ಟು ದೂರವಿದೆ ಎಂದು ಅವನಿಗೆ ಅವತ್ತು ತಿಳಿಯಿತು. ಬೆನ್ನು ಪೂರ್ತಿ ಕಲ್ಲಿಗಾಗಿ ಕಾಯುತ್ತಿತ್ತು. ಒಂದು ಕಲ್ಲು ಬಂದು ಕಾಲಿನ ಹಿಂದೆ ಬಿತ್ತು. ಇನ್ನೊಂದು ಬರಲಿಲ್ಲ. ಅವನ ಕಾಲುಗಳು ಓಡು ಓಡು ಎನ್ನುತ್ತಿದ್ದವು. ಓಡಲಿಲ್ಲ. ಪಕ್ಕದಲ್ಲಿ ಆ ಹೆಜ್ಜೆ ಮಾತ್ರ ಓಡಿ ಮುಂದೆ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು.

ಮೂರನೆಯ ದಿನ ಒಸೊರೇರಿ ಆಳುಗಳೊಂದಿಗೆ ಬಂದ. ಎಸ್ಮಿನನೂ ಬಂದ. ಮರಳಿಗೆ ಕೈಹಚ್ಚಿದ್ದು ಮಾತ್ರ ಹಟ್ಟಿಯವರೇ. ಆಳುಗಳು ಬಟ್ಟೆಯ ಗಂಟು ಹಿಡಿದು ನಿಂತರು. ಮೊದಲು ಚಾಪೆಯ ಅಂಚು ಸಿಕ್ಕಿತು. ತಬೆಸ ಎಲ್ಲರನ್ನೂ ಸರಿಸಿ ತಾನೇ ಬಗ್ಗಿ ಚಾಪೆ ಬಿಡಿಸಿದಳು.

ತೆಫಿಬಿ ಹಾಗೆಯೇ ಇದ್ದ.

ಸುಡುವ ಮರಳು ಅವನ ನೀರನ್ನೆಲ್ಲ ಕುಡಿದಿತ್ತು. ತೊಗಲು ಮೂಳೆಗೆ ಅಂಟಿ ಕಂದು ಹತ್ತಿತ್ತು. ಆದರೆ ಮುಖ ಅದೇ ಮುಖ. ಗಡ್ಡದ ಕುರುಚಲು ಇತ್ತು. ಉಗುರು ಇತ್ತು. ಎಡ ಕಣತಲೆಯಲ್ಲಿ ಮುಷ್ಟಿ ಹಿಡಿಯುವಷ್ಟು ತಗ್ಗು. ಎಡವಿ ಬಿದ್ದವನಿಗೆ ಆಗುವ ಗಾಯವಲ್ಲ ಅದು. ಅದನ್ನು ಅಲ್ಲಿದ್ದವರೆಲ್ಲ ನೋಡಿದರು. ಎಸ್ಮಿನನೂ ನೋಡಲೇಬೇಕಾಯಿತು.

ಒಸೊರೇರಿ ತುಂಬ ಹೊತ್ತು ಬಗ್ಗಿ ನೋಡಿದ. ಸೀಳಿಲ್ಲ, ಉಪ್ಪಿಲ್ಲ, ಮಂತ್ರವಿಲ್ಲ. ಅವನ ಅಪ್ಪನ ಕೈಕೆಳಗೆ ಸಿದ್ಧವಾದ ಎಷ್ಟೋ ದೊಡ್ಡವರ ಮೈ ಇಷ್ಟು ಚೆನ್ನಾಗಿ ಉಳಿದಿರಲಿಲ್ಲ. ಅವನ ಮುಖ ಬಿಳಚಿಕೊಂಡಿತು.

"ಎತ್ತಿ," ಎಂದ ಆಳುಗಳಿಗೆ. "ಗುಡಾರಕ್ಕೆ ತಗೊಂಡು ನಡೀರಿ."

"ಬ್ಯಾಡ," ಎಂದಳು ತಬೆಸ. ಗಂಡನ ಕೆನ್ನೆಯ ಮರಳು ಒರೆಸುತ್ತಿದ್ದಳು. "ಇವನಿಗೆ ನಿಮ್ಮ ಉಪ್ಪು ಬ್ಯಾಡ. ಬಟ್ಟೆ ಇಲ್ಲಿ ಬುಟ್ಟೋಗಿ. ಸುತ್ತೋಕೆ ನಮ್ಗೂ ಬತ್ತದೆ."

"ಅತ್ತಿಗೆ..." ಎಂದ ಪಮೊಂತು. ಮುರಿದ ಹೆಗಲು ಅದಕ್ಕಾಗಿಯೇ ಅಲ್ಲವೇ?

"ನೋಡು ಅವನ್ನ," ಎಂದಳು. ಅವನು ನೋಡಿದ. ಎಸ್ಮಿನನ ಕಡೆ ತಿರುಗಿದ.

"ಬಟ್ಟೆ ಮೇಲೆ ಬರೀರಿ ಬುದ್ಧಿ. ನಿಮ್ಮೋರಿಗೆ ಬರೀತೀರಲ್ಲ, ಹಂಗೆ. ಹೆಸರು ಬರೀರಿ. ಕಲ್ಲೇಟಿಗೆ ಸತ್ತ ಅಂತ ಬರೀರಿ."

ಎಸ್ಮಿನ ಮಸಿಯ ಹಲಗೆ ಬಿಚ್ಚಿದ. ಬಟ್ಟೆಯ ತುದಿಯನ್ನು ಮಂಡಿಯ ಮೇಲೆ ಹರವಿಕೊಂಡ. ಲೇಖನಿ ಅದ್ದಿ, ತಡೆದು, ತಲೆ ಎತ್ತಿದ.

"ಹೆಸರೇನು?"

ಮೂವತ್ತು ವರ್ಷ ಅವನ ಗೆರೆಯ ಮುಂದೆ ಬಂದು ಕೂತವನು ತೆಫಿಬಿ. ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಬೆಸ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಅವನು ಬರೆದ. ಸಾವಿನ ಮಾತಿಗೆ ಬಂದಾಗ ಲೇಖನಿಯನ್ನು ಮತ್ತೊಮ್ಮೆ ಅದ್ದಿದ. ಆಮೇಲೆ ಬರೆದ. ಹಟ್ಟಿಯಲ್ಲಿ ಓದು ಬಂದವರು ಯಾರೂ ಇರಲಿಲ್ಲ. ಅವನು ನಿಜವಾಗಿ ಏನು ಬರೆದನೋ ಎಂಬ ಅನುಮಾನ ಪಮೊಂತುವಿಗೆ ಕೊನೆಯ ತನಕ ಹೋಗಲಿಲ್ಲ.

ಹೆಜ್ಜೆಯೂ ಹೋಗಲಿಲ್ಲ. ಬಟ್ಟೆ ಸುತ್ತಿ ಬಂಡೆಯ ನೆರಳಲ್ಲಿ ಮಣ್ಣು ಮಾಡಿದ ಮಾರನೆಯ ಮಧ್ಯಾಹ್ನವೇ ಗುಡಿಸಲಿನ ಹಿಂದೆ ಓಡಿತು. ಒಬ್ಬನದೇ ಅಲ್ಲ ಎಂದು ಅವನಿಗೆ ಈಗ ಕೇಳಿಸತೊಡಗಿತ್ತು. ಒಂದು ಮುದಿ ಹೆಜ್ಜೆ. ಒಂದು ಕುಂಟು. ಅಪ್ಪನದಿರಬೇಕು. ಅಜ್ಜನದಿರಬೇಕು. ಗುರುತು ಸಿಗದವರೂ ಇದ್ದರು.

ದೇವಸ್ಥಾನದಿಂದ ಹಟ್ಟಿಗೆ ಬರುತ್ತಿದ್ದ ಬಾರ್ಲಿ ನಿಂತಿತು. ಪಮೊಂತುವನ್ನು ಯಾರೂ ಕರೆಯಲಿಲ್ಲ. ಹೆಗಲು ಸೊಟ್ಟಗೆ ಕೂಡಿಕೊಂಡಿತು. ಬೇರು, ಬಲೆಗೆ ಬಿದ್ದ ಹಕ್ಕಿ, ಯಾರೋ ಕದ್ದುಮುಚ್ಚಿ ಇಟ್ಟುಹೋದ ಒಣಮೀನು, ಅದರಲ್ಲೇ ದಿನ ತಳ್ಳಿದರು. ನದಿ ಏರಿ ಹೊಲಗಳಲ್ಲಿ ನೀರು ನಿಂತಾಗ ಊರಲ್ಲಿ ಜ್ವರ ಹಬ್ಬಿತು. ಒಂದೇ ವಾರದಲ್ಲಿ ನಾಲ್ಕು ಹೆಣ. ಒಸೊರೇರಿ ಮೇಲ್ನದಿಯ ಊರಿಂದ ಬೇರೆ ಸೀಳುಗಾರನನ್ನು ಕರೆಸಿದ. ಚಾಕು ಮಾತ್ರ ಆ ಸೀಮೆಯಲ್ಲೆಲ್ಲ ತಬೆಸಳ ಹತ್ತಿರವೇ ಸಿಗಬೇಕು.

ಒಂದು ಬೆಳಿಗ್ಗೆ ಆ ಸೀಳುಗಾರ ಹಟ್ಟಿಗೆ ಬಂದ. ಮುದುಕ. ಎರಡು ಬೆರಳಿಲ್ಲ. ಒಂದು ಕಣ್ಣು ಬಿಳಿ. ಮೊಣಕಾಲಿನ ಕೆಳಗೆ ಹಳೇ ಗಾಯಗಳ ಗಂಟು. ಪಮೊಂತು ಎದ್ದು ಅವನಿಗೆ ನೆರಳಲ್ಲಿ ಜಾಗ ತೋರಿಸಿದ. ಮುದುಕ ಕೂರಲಿಲ್ಲ.

"ಚಾಕು ಬೇಕಿತ್ತು ಕಣವ್ವಾ. ಗುಡಾರದಲ್ಲಿ ಕಾಯ್ತಾವ್ರೆ."

ತಬೆಸ ಮಡಿಲಲ್ಲಿ ಕರಿಗಲ್ಲು ಇಟ್ಟುಕೊಂಡು ಅವನ ಕಾಲುಗಳನ್ನು ನೋಡಿದಳು.

"ಓಡ್ತೀಯಾ?"

ಮುದುಕ ಬೆಪ್ಪಾದ. "ಈ ಕಾಲಲ್ಲಿ ಎಲ್ಲೀ ಓಟ ತಾಯಿ? ತೆವಳ್ತೀನಿ. ಅವರು ಹೊಡೀತಾರೆ."

"ಅದಲ್ಲ ನಾನು ಕೇಳಿದ್ದು. ಓಡ್ತೀಯೋ, ಓಡಲ್ವೋ?"

ಈ ಪ್ರಶ್ನೆಗೆ ಎರಡನೆಯ ಉತ್ತರವೂ ಉಂಟು ಎಂಬುದನ್ನು ಮುದುಕನಿಗೆ ಈ ವಯಸ್ಸಿನ ತನಕ ಯಾರೂ ಹೇಳಿರಲಿಲ್ಲ. ಪಮೊಂತುವಿನ ಸೊಟ್ಟ ಹೆಗಲ ಕಡೆ ನೋಡಿದ. ಮೇಲ್ನದಿಯವರೆಗೂ ಸುದ್ದಿ ಹೋಗಿತ್ತೇನೋ.

"ಇವನೇನಾ?" ಎಂದ.

"ಅವನೇ."

"ನೋವಾಯ್ತಾ ಮಗ?"

"ಆಯ್ತು ತಾತ. ಈಗ್ಲೂ ಆಯ್ತದೆ."

ಊರ ಕಡೆಯಿಂದ ಯಾರೋ ಕೂಗು ಹಾಕಿದರು, ಬೇಗ ಬಾ ಎಂದು. ಮುದುಕ ಆ ಕಡೆ ತಿರುಗಲಿಲ್ಲ. ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ, ಪಮೊಂತು ತೋರಿಸಿದ ನೆರಳಲ್ಲಿ ಕೂತ.

"ಓಡಲ್ಲ," ಎಂದ.

"ಹಂಗಾದ್ರೆ ತಡಿ," ಎಂದಳು ತಬೆಸ. ಕೊಂಬು ಕೈಗೆತ್ತಿಕೊಂಡಳು. "ಇನ್ನಾ ತೆಳು ಮಾಡ್ಬೇಕು ಇದನ್ನ."